ಕಟ್ಟಿದ ಕೈಗೂ ಕಿರ್ದಿ ಬೇಕು

ಆಸ್ಪತ್ರೆಗಳಲ್ಲಿ ರೋಗಿಯ ಕೈಕಾಲುಗಳನ್ನು ಮಂಚಕ್ಕೆ ಕಟ್ಟುವುದುಂಟು. ಉದ್ವೇಗದಿಂದ ತನ್ನನ್ನೋ ಇತರರನ್ನೋ ಗಾಯಗೊಳಿಸಹೊರಟವನನ್ನು ಆ ಗಳಿಗೆಯಲ್ಲಿ ತಡೆಯಲು ಅನ್ಯ ಮಾರ್ಗವಿಲ್ಲದ ಪ್ರಸಂಗಗಳಿವೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಿದುದರ ದಾಖಲೆ ಎಲ್ಲಿದೆಯೆಂಬುದೇ ನಮ್ಮ ಪ್ರಶ್ನೆ.

ಮುಂಬಯಿಯ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿದ್ದ ನಮ್ಮ ಪರಿಚಯದ ಹೋಟೆಲ್ ಕೆಲಸಗಾರನೊಬ್ಬನನ್ನು ನೋಡಹೋದಾಗ ಅವನ ಎರಡು ಮಣಿಕಟ್ಟುಗಳಲ್ಲಿಯೂ ಬಟ್ಟೆ ಬಿಗಿದ ಗುರುತುಗಳಿದ್ದವು. ಯಾರು ಕಟ್ಟಿದರು, ಯಾವಾಗ ಬಿಚ್ಚಿದರು ಎಂದು ಕೇಳಿದರೆ ಹಗಲುಪಾಳಿಯ ದಾದಿಗೆ ತಿಳಿಯದು. ರಾತ್ರಿಪಾಳಿಯವರು ಮನೆಗೆ ಹೋಗಿದ್ದರು. ಕೇಸ್ ಪೇಪರಿನಲ್ಲಿ ಒಂದಕ್ಷರವಿರಲಿಲ್ಲ. ಕುಂದಾಪುರದ ಕಡೆಯಿಂದ ಬಂದಿದ್ದ ತಾಯಿ ಮಗನ ಕೈಯನ್ನು ಸೆರಗಿನಿಂದ ಒರೆಸುತ್ತ, ಯಾರನ್ನೂ ಏನನ್ನೂ ಕೇಳಲು ಅಂಜಿ ಕುಳಿತಿದ್ದರು.

ಕೇಳಲು ಅವರಿಗೆ ಅಧಿಕಾರವಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದುದನ್ನು ವಾಚಕರು ಮರೆತಿರಲಾರರು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆಯು ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಇತರ ಬಗೆಯ ಕಟ್ಟಿಗೂ ಅದರ 97ನೆಯ ಕಲಮು ಕಟ್ಟುನಿಟ್ಟಾದ ನಿಬಂಧನೆಗಳನ್ನು ವಿಧಿಸಿದೆ: ಮನೋವೈದ್ಯರ ಅನುಮತಿ ಬೇಕು, ಹೇಗೆ, ಏಕೆ, ಎಷ್ಟು ಹೊತ್ತು ಕಟ್ಟಲಾಯಿತೆಂಬುದನ್ನು ಕೂಡಲೇ ರೋಗಿಯ ಕಾಗದಪತ್ರಗಳಲ್ಲಿ ಬರೆಯಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಗಳೊಳಗೆ ತಿಳಿಸಬೇಕು, ತಿಂಗಳಿಗೊಮ್ಮೆ ಮಂಡಲಿಗೆ ವರದಿ ಕಳುಹಿಸಬೇಕು. ಶಿಕ್ಷೆಗಾಗಿ ಕಟ್ಟಕೂಡದು. ಸಿಬ್ಬಂದಿ ಸಾಲದೆಂಬುದೂ ಕಾರಣವಾಗಕೂಡದು.

"ಕೂಡಲೇ" ಎಂಬ ಮಾತಿನ ಬೆಲೆ ಗಲ್ಲೆಯ ಮೇಲೆ ಕುಳಿತವರಿಗೆ ತಿಳಿಯದುದಲ್ಲ. ಬಿಲ್ಲು ಬಂದಂತೆ ಬರೆದ ಕಿರ್ದಿ ಬೇರೆ, ರಾತ್ರಿ ಬಾಗಿಲು ಹಾಕುವಾಗ ನೆನಪಿನಿಂದ ತುಂಬಿಸಿದ ಕಿರ್ದಿ ಬೇರೆ. ಪಾಳಿ ಮುಗಿಯುವಾಗ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಎಲ್ಲ ಗಂಟೆಗಳಿಗೂ "ಸರಿಯಿದೆ" ಎಂದು ಗೀಚಿದ ತಃಖ್ತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು. ಬಿಗಿದ ಕಟ್ಟು ರಕ್ತಸಂಚಾರವನ್ನು ತಡೆದೀತು. ಅಲುಗಾಡದೆ ಮಲಗಿದವನ ಬೆನ್ನಿನಲ್ಲಿ ಹುಣ್ಣಾದೀತು. ನೀರು ಬೇಕೆಂದರೂ ಅವನು ಕೈಚಾಚಲಾರನು. ನೋಡಿದ ಹೊತ್ತನ್ನು ಬರೆಯುವ ನಿರ್ಬಂಧವಿದ್ದರೆ ನೋಡಲಾದರೂ ಹೋಗುತ್ತಾರೆ. ಇಡೀ ವಾರ್ಡನ್ನು ಒಬ್ಬಳೇ ಕಾಯುವ ದಾದಿಯನ್ನು ಮಾತ್ರ ದೂರುವುದು ನ್ಯಾಯವಲ್ಲ; ಆಕೆಗೆ ಜತೆಗಾರರನ್ನು ಕೊಡುವುದು ಆಡಳಿತದ ಹೊಣೆ.

ಈ ಕಾಯಿದೆ ಮನೋರೋಗ ಚಿಕಿತ್ಸೆಗಷ್ಟೇ ಅನ್ವಯಿಸುತ್ತದೆ. ಆದರೆ ತೀವ್ರನಿಗಾ ಘಟಕಗಳಲ್ಲಿ ನಳಿಗೆ ಕಿತ್ತಾನೆಂದು ಕಟ್ಟುವ ಕೈಗಳಿಗೂ ಇದೇ ಶಿಸ್ತು ಬರತಕ್ಕದ್ದು.

ಪರಸ್ಥಳದಲ್ಲಿ ಒಂಟಿಯಾಗಿರುವ ನಮ್ಮವರು ಒಂದು ಕೆಲಸ ಮಾಡಬಹುದು. ವಯಸ್ಕನಾದ ಯಾವನೂ ಬಿಳಿಯ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟೊತ್ತಿ ತನ್ನ ಪ್ರತಿನಿಧಿಯನ್ನು ಹೆಸರಿಸಬಹುದೆಂದು ಇದೇ ಕಾಯಿದೆ ಹೇಳುತ್ತದೆ. ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಊರಿನಿಂದ ಅಣ್ಣ ಬಂದು ತಲುಪುವ ಮೊದಲೇ ಆಸ್ಪತ್ರೆಗೆ ಓಡುವ ರೂಮಿನ ಜತೆಗಾರನೂ ಆಗಬಹುದು. ಆತನ ಲಿಖಿತ ಒಪ್ಪಿಗೆಯಿದ್ದರೆ ಸಾಕು. ಕಟ್ಟಿದ ಸುದ್ದಿಯನ್ನು ಆಗ ಆಸ್ಪತ್ರೆಯವರು ಅವನಿಗೆ ತಿಳಿಸಲೇಬೇಕಾಗುತ್ತದೆ.