ಕ್ರಯಪತ್ರ ಸಾರ್ವಜನಿಕ, ಹೆಬ್ಬೆಟ್ಟಲ್ಲ

ಕಡತ ಕೊಡುವ ಸರ್ವರ್ ಪ್ರತಿ ಕೋರಿಕೆಗೂ ಎರಡು ಪ್ರಶ್ನೆ ಕೇಳಬೇಕು: ಬಂದವರು ಯಾರು? ಕೇಳಿದ್ದನ್ನು ಪಡೆಯಲು ಅವರಿಗೆ ಹಕ್ಕಿದೆಯೇ? ಇವುಗಳಲ್ಲಿ ಒಂದು ತಪ್ಪಿದರೂ ಪ್ರವೇಶ ನಿಯಂತ್ರಣ ಮುರಿದಂತೆ. 2015ರಲ್ಲಿ ಪ್ರೊಎಫ್‌ಟಿಪಿಡಿ ಎಂಬ ಕಡತ ಸರ್ವರ್ ತಂತ್ರಾಂಶದಲ್ಲಿ ಪತ್ತೆಯಾದ ದೋಷ ಇಂಥದ್ದು. ಕಡತ ಇಳಿಸಿಕೊಳ್ಳಲು ಪಾಸ್‌ವರ್ಡ್ ಬೇಕಿತ್ತು. ಸರ್ವರ್‌ನೊಳಗೇ ನಕಲು ಮಾಡುವ ಆದೇಶಕ್ಕೆ ಮಾತ್ರ ಲಾಗಿನ್ನೇ ಬೇಕಿರಲಿಲ್ಲ. ಗುಟ್ಟಿನ ಕಡತವನ್ನು ವೆಬ್‌ಸೈಟಿನ ಫೋಲ್ಡರಿಗೆ ನಕಲಿಸಿದರೆ ಯಾರು ಬೇಕಾದರೂ ಓದಬಹುದಿತ್ತು.

ಗುಟ್ಟಾಗಿರಬೇಕಾದದ್ದು ಎಲ್ಲರೂ ನೋಡುವ ಕಡೆ ಸೇರುವ ಇಂಥದ್ದೇ ತಪ್ಪು ಕರ್ನಾಟಕದಲ್ಲಿ ನಡೆದದ್ದು ಆಸ್ತಿ ನೋಂದಣಿಯಲ್ಲಿ. ನೋಂದಣಿ ಕಾಯ್ದೆಯ 32ಎ ಕಲಂ ಪ್ರಕಾರ ಕ್ರಯಪತ್ರಕ್ಕೆ ಭಾವಚಿತ್ರವೂ ಬೆರಳಚ್ಚೂ ಬೇಕು. ಚಿಟಗುಪ್ಪದ ರೈತ ಎರಡೆಕರೆ ಹೊಲ ಮಾರಿದರೂ ಹೆಬ್ಬೆಟ್ಟು ಒತ್ತಲೇಬೇಕು. ಗುರುತಿಗೆ ಆಧಾರ್ ಕೊಟ್ಟಿದ್ದರೆ ಆ ಸಂಖ್ಯೆಯೂ ಅದೇ ಪತ್ರದಲ್ಲಿ ಕೂತಿರುತ್ತಿತ್ತು. ಈ ಎರಡರ ಜತೆ ಬ್ಯಾಂಕಿನ ಹೆಸರು ಗೊತ್ತಾದರೆ ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯಬಹುದು. ಒಟಿಪಿ ಇಲ್ಲ, ಪಿನ್ ಇಲ್ಲ. ಕಾಗದದ ಮೇಲಿನ ಗೆರೆಗಳನ್ನು ಸಿಲಿಕೋನ್‌ನಲ್ಲಿ ಎರಕ ಹೊಯ್ದರೆ ಬೆರಳು ಸಿದ್ಧ. 2023ರಲ್ಲಿ ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದಾಗ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿಕೊಂಡ ನೋಂದಣಿ ಪತ್ರಗಳೇ ಸಿಕ್ಕವು.

ನೋಂದಾಯಿತ ಪತ್ರ ಯಾರಾದರೂ ನೋಡಬಹುದಾದ ದಾಖಲೆ ಎಂಬ ಸಮರ್ಥನೆಗೆ ಕಾನೂನಿನ ಬಲವಿದೆ. 1908ರ ಇದೇ ನೋಂದಣಿ ಕಾಯ್ದೆಯ 57ನೇ ಕಲಂ ಅದನ್ನೇ ಹೇಳುತ್ತದೆ. ಹೊಲ ಯಾರದು, ಯಾರಿಗೆ ಮಾರಾಟವಾಯಿತು ಎಂದು ಊರಿಗೆ ಗೊತ್ತಿರಲೆಂದೇ ಆ ಕಲಂ ಇರುವುದು. ಮಾರಿದವನ ಬೆರಳಿನ ಗೆರೆ ಅಪರಿಚಿತರ ಕೈ ಸೇರಲೆಂದಲ್ಲ. ಜಾಲತಾಣ ಬರುವ ಮುನ್ನ ಕಚೇರಿಗೆ ಹೋಗಿ ಒಂದೊಂದೇ ನಕಲು ಕೇಳಬೇಕಿತ್ತು. ಬಂದ ಮೇಲೆ ಪಾಟ್ನಾದಲ್ಲಿ ಕೂತವರೂ ರಾಶಿಗಟ್ಟಲೆ ಇಳಿಸಿಕೊಳ್ಳುವಂತಾಯಿತು.

ವಂಚನೆಯ ನಂತರ ಬೆರಳಚ್ಚು, ಆಧಾರ್ ಸಂಖ್ಯೆ ಮರೆಮಾಚಲು ಸರ್ಕಾರ ಮುಂದಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾಗದು. ಬೆರಳಚ್ಚು ಬಳಕೆಯಾಗದಂತೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂಬ ಸಲಹೆ ಉಪಯುಕ್ತವೇ. ಆದರೆ ಅದು ಕಾವಲುಗಾರನ ಹೊಣೆಯನ್ನು ಮನೆಯವರ ತಲೆಗೆ ಕಟ್ಟುತ್ತದೆ. ಪಡಿತರಕ್ಕೂ ಬ್ಯಾಂಕ್ ಮಿತ್ರರ ಬಳಿ ಹಣಕ್ಕೂ ಬೆರಳನ್ನೇ ನೆಚ್ಚಿದವರು ದಿನಾ ಲಾಕ್ ತೆಗೆದು ಹಾಕುತ್ತ ಕೂರಲಾರರು.

ಮರೆಮಾಚುವ ಕೆಲಸ ಸರ್ವರ್‌ನಲ್ಲೇ ಮುಗಿಯಬೇಕು, ಮೂಲಚಿತ್ರ ಹೊರಗೆ ಹೋಗಲೇಬಾರದು. ಹಳೆಯ ಸ್ಕ್ಯಾನ್ ಪ್ರತಿಗಳಿಗೂ ಇದೇ ನಿಯಮ ಇರಬೇಕು. ಯಾರಾದರೂ ಕ್ರಯಪತ್ರದ ನಕಲು ಪಡೆದರೆ, ಪಡೆದವರು ಯಾರೆಂಬ ಎಸ್ಎಂಎಸ್ ಅದೇ ದಿನ ಆಸ್ತಿಯ ಮಾಲೀಕರಿಗೂ ಮಾರಿದವರಿಗೂ ಹೋಗಬೇಕು.