ಈ ತಿಂಗಳು 11 ಪುಟ



ಮೊದಲು ತಿಂಗಳ ಲೆಕ್ಕ ಒಪ್ಪಿಸಿಬಿಡುತ್ತೇನೆ. ಈ ಸಲ ಕಾದಂಬರಿಗೆ ಸೇರಿದ್ದು 11 ಪುಟ. ಕಳೆದ ತಿಂಗಳು 19 ಪುಟವಾಗಿತ್ತು. ಒಂಬತ್ತನೆಯ ಅಧ್ಯಾಯ ಇನ್ನೂ ಮುಗಿದಿಲ್ಲ. ಬರೆಯುವ ಹೊತ್ತೇನೂ ಕಡಿಮೆಯಾಗಿರಲಿಲ್ಲ. ಫಜ್ರ್ ನಮಾಝ್ ಮುಗಿಸಿದ ಮೇಲೆ ಮಕ್ಕಳ ಡಬ್ಬಿಗೆಂದು ಒಲೆ ಹಚ್ಚುವವರೆಗೆ ಸಿಗುವ ಮುಕ್ಕಾಲು ಗಂಟೆ ಎಂದಿನಂತೆ ಸಿಕ್ಕಿತ್ತು. ಆದರೆ ಅನೇಕ ದಿನ ಆ ಮುಕ್ಕಾಲು ಗಂಟೆ ಬರೆಯುವುದಕ್ಕಿಂತ ಯೋಚಿಸುವುದರಲ್ಲೇ ಕಳೆಯಿತು. ಯಾಕೆ ಎಂಬುದನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗಾಗಿ ಕಥೆಯ ಎಳೆಯನ್ನು ಚುಟುಕಾಗಿ ಹೇಳುತ್ತೇನೆ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ, ಕೋಡಿಬಾಗದಲ್ಲಿ ಒಂದು ಮನೆ. ಆ ಮನೆಯ ಮಗಳನ್ನು ಅಂಕೋಲಾ ತಾಲೂಕಿನ ಗಂಗಾವಳಿ ನದಿಯ ದಂಡೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅಳಿಯ ಲಾರಿ ಓಡಿಸುತ್ತಾನೆ. ತಾಯಿ ಒಂದು ನದಿಯ ಬಳಿ, ಮಗಳು ಇನ್ನೊಂದು ನದಿಯ ಬಳಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಥೆ ನಡೆಯುವ ಕಾಲ 2023 ಮತ್ತು 2024. ಇಷ್ಟು ಹೇಳಿದರೆ ಉತ್ತರ ಕನ್ನಡದ ಓದುಗರಿಗೆ ಮುಂದಿನದು ತಾನಾಗಿಯೇ ಹೊಳೆದೀತು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳು ಎಲ್ಲವೂ ಮಣ್ಣಿನ ಪಾಲಾದವು. ಮಣ್ಣು ನದಿಗೆ ನುಗ್ಗಿದ ರಭಸಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಒಟ್ಟು 11 ಮಂದಿ ಇಲ್ಲವಾದರು. ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಅವನ ಮನೆಯವರು ಕಾದಿದ್ದರು. ಇದರ ನಡುವೆಯೇ, ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆಗ ನದಿಗೆ ಬಿದ್ದ ಲಾರಿಯ ಚಾಲಕ ಪುಣ್ಯಕ್ಕೆ ಬದುಕಿ ಬಂದ.

ನನ್ನ ಒಂಬತ್ತನೆಯ ಅಧ್ಯಾಯ ಈ ಜುಲೈ ತಿಂಗಳಿಗೆ ಬಂದು ನಿಂತಿದೆ. ಅಳಿಯ ಲಾರಿ ಚಾಲಕ, ಅವನು ಹೋಗುವ ದಾರಿ ಅದೇ. ಅವನ ಲಾರಿಯನ್ನು ಆ ಬೆಳಿಗ್ಗೆ ಅದೇ ಜಾಗದಲ್ಲಿ ನಿಲ್ಲಿಸಿಬಿಟ್ಟರೆ ಕಾದಂಬರಿಗೆ ಬೇಕಾದ ದೊಡ್ಡ ತಿರುವು ಸಿಕ್ಕಿಬಿಡುತ್ತದೆ. ಓದುವವರ ಕಣ್ಣಲ್ಲಿ ನೀರು ತರಿಸಲು ಎರಡು ಪುಟ ಸಾಕು.

ಆದರೆ ಆ ದಿನ ತಮ್ಮವರನ್ನು ಕಳಕೊಂಡವರು ಕಥೆಯಲ್ಲಿಲ್ಲ, ನಮ್ಮ ನಡುವೆ ಇದ್ದಾರೆ. ನಾವು ಮೀನು ಕೊಳ್ಳುವ ಪೇಟೆಗೇ ಅವರೂ ಬರುತ್ತಾರೆ. ಅವರಲ್ಲೊಬ್ಬರು ನಾಳೆ ನನ್ನ ಪುಸ್ತಕ ತೆರೆದು, ತಮ್ಮ ಮನೆಯ ಸಾವನ್ನು ಕಣ್ಣಾರೆ ಕಂಡವಳಂತೆ ನಾನು ವರ್ಣಿಸಿರುವುದನ್ನು ಓದಿದರೆ ಅವರಿಗೆ ಏನನ್ನಿಸಬೇಕು? ಸಾವಿನ ಮನೆಗೆ ಹೋದಾಗ ನಾವು ಹೆಚ್ಚು ಮಾತಾಡುವುದಿಲ್ಲ. ಊಟ ಮಾಡಿ ಕಳಿಸುತ್ತೇವೆ, ಹತ್ತಿರ ಕುಳಿತು ಬರುತ್ತೇವೆ. ಬರೆಯುವವರಿಗೂ ಈ ಮರ್ಯಾದೆ ಬೇಡವೇ?

ಹಾಗೆಂದು ಆ ದಿನವೇ ಬರಲಿಲ್ಲವೆಂಬಂತೆ ಕಥೆ ಹೇಳುವುದೂ ಸರಿಯಲ್ಲ. ತಿಂಗಳ ಕೊನೆಗೆ ನಾನೊಂದು ತೀರ್ಮಾನಕ್ಕೆ ಬಂದೆ. ಕಾದಂಬರಿಯಲ್ಲಿ ಗುಡ್ಡ ಕುಸಿಯುವುದನ್ನು ಯಾರೂ ನೋಡುವುದಿಲ್ಲ. ಕೋಡಿಬಾಗದ ತಾಯಿಗೆ ಸಿಗುವುದು ಸುದ್ದಿ ಮಾತ್ರ. ರಸ್ತೆ ಮುಚ್ಚಿದೆ, ಮಗಳ ಫೋನು ಹತ್ತುತ್ತಿಲ್ಲ, ಅಳಿಯ ಯಾವ ಊರಿನಲ್ಲಿದ್ದಾನೆಂದು ತಿಳಿಯದು. ಆ ತಾಯಿ ಕಾಯುತ್ತಾಳೆ. ಆ ದಿನಗಳಲ್ಲಿ ಈ ರಸ್ತೆಯ ಉದ್ದಕ್ಕೂ ಎಷ್ಟೋ ಮನೆಗಳಲ್ಲಿ ಹಾಗೆಯೇ ಕಾದರು. ಕಾಯುವ ಸಂಕಟ ನಮ್ಮೆಲ್ಲರದು, ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ಸೇತುವೆ ಮಾತ್ರ ಕಾದಂಬರಿಯಲ್ಲೂ ಬೀಳುತ್ತದೆ. ಅದು ಯಾರ ಮನೆಯ ದೀಪವನ್ನೂ ಆರಿಸಲಿಲ್ಲ. 11 ಪುಟಗಳಲ್ಲಿ ಏಳು ಪುಟ ಈ ಕಾಯುವಿಕೆಯದ್ದೇ.

ಇನ್ನೊಂದು ಮಾತು. ಹೆದ್ದಾರಿ ಅಗಲಗೊಳಿಸಲು ಗುಡ್ಡಗಳನ್ನು ಕಡಿದ ಬಗೆಯ ಕುರಿತು ಅಂದು ಜನ ಪ್ರಶ್ನೆ ಎತ್ತಿದರು. ಆ ಪ್ರಶ್ನೆ ಯಾವ ಕಾದಂಬರಿಗೂ ಕಾಯಬಾರದು. ಅದನ್ನು ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ಅಧಿಕಾರಿಗಳ ಮುಂದೆ ಆಗಿಂದಾಗಲೇ ಕೇಳಬೇಕು. ದುಃಖವನ್ನು ಬರೆಯಲು ಅವಸರ ಬೇಡ, ಅನ್ಯಾಯವನ್ನು ಕೇಳಲು ತಡ ಬೇಡ. ಈ ತಿಂಗಳ ಓದು ನನಗೆ ಈ ವ್ಯತ್ಯಾಸವನ್ನು ಕಲಿಸಿತು. ನಾಲ್ಕು ಪುಸ್ತಕಗಳನ್ನು ಹೆಸರಿಸುತ್ತೇನೆ. ನಿಮ್ಮೂರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಮೊದಲನೆಯದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ 2023ರ ಜನವರಿಯಲ್ಲಿ ನಮ್ಮನ್ನಗಲಿದರು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ 1984ರಲ್ಲಿ ಪುಸ್ತಕವಾಯಿತು. ನಾದಿರಾ ಎಂಬ ಹೆಣ್ಣುಮಗಳ ಬದುಕನ್ನು ತಂದೆಯ ಹಠ ಮತ್ತು ಅವಸರದ ತಲಾಖ್ ಹೇಗೆ ಒಡೆಯುತ್ತವೆ ಎಂಬುದು ಇದರ ವಸ್ತು. ಇದು ಬಂದ ಕಾಲದಲ್ಲಿ ಅನೇಕರಿಗೆ ಕೋಪ ಬಂದಿತ್ತು. ಸಾರಾ ಬರೆದದ್ದು ತಣ್ಣಗಾದ ನೋವನ್ನಲ್ಲ, ಅಂದು ಮನೆಮನೆಗಳಲ್ಲಿ ನಡೆಯುತ್ತಲೇ ಇದ್ದುದನ್ನು. ಕಾದಿದ್ದರೆ ಇನ್ನಷ್ಟು ನಾದಿರಾರು ನರಳುತ್ತಿದ್ದರು. ನೀವು ಒಪ್ಪಿ ಅಥವಾ ಬಿಡಿ, ಓದದೆ ಮಾತ್ರ ತೀರ್ಪು ಕೊಡಬೇಡಿ. ಗಂಡಸರೂ ಓದಬೇಕಾದ ಪುಸ್ತಕ.

ಎರಡನೆಯದು ಯಶವಂತ ಚಿತ್ತಾಲರ 'ಮೂರು ದಾರಿಗಳು'. ಚಿತ್ತಾಲರು ಹುಟ್ಟಿದ್ದು 1928ರಲ್ಲಿ, ಗಂಗಾವಳಿಯ ಆಚೆಗಿನ ಹನೇಹಳ್ಳಿಯಲ್ಲಿ. ಓದಿದ್ದು ರಸಾಯನ ಶಾಸ್ತ್ರ, ದುಡಿದದ್ದು ಮುಂಬಯಿಯ ಉದ್ಯಮದಲ್ಲಿ, ತೀರಿಕೊಂಡದ್ದೂ 2014ರಲ್ಲಿ ಮುಂಬಯಿಯಲ್ಲೇ. ಆದರೆ ಜೀವನವಿಡೀ ಅವರ ಕಥೆಗಳು ಹನೇಹಳ್ಳಿಗೆ ಮರಳುತ್ತಲೇ ಇದ್ದವು. 1964ರ ಈ ಕಾದಂಬರಿಯಲ್ಲಿ ಒಬ್ಬ ಹುಡುಗಿಯ ಮೇಲೆ ಊರಲ್ಲಿ ಹಬ್ಬುವ ಅಪವಾದ ಅವಳನ್ನೂ ಅವಳ ಮನೆಯನ್ನೂ ಯಾವ ಗತಿಗೆ ತರುತ್ತದೆ ಎಂಬುದನ್ನು ನೋಡುತ್ತೇವೆ. 1981ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. ಬೆನ್ನ ಹಿಂದೆ ಆಡುವ ಮಾತಿನ ಪಾಪದ ಬಗ್ಗೆ ನಾವು ಎಷ್ಟೋ ಉಪದೇಶ ಕೇಳಿದ್ದೇವೆ. ಆ ಮಾತು ತಗುಲಿದವರ ಒಳಗೆ ಏನಾಗುತ್ತದೆಂದು ತಿಳಿಯಬೇಕಾದರೆ ಇದನ್ನು ಓದಿ. ಚಿತ್ತಾಲರಿಗೆ ತಮ್ಮ ಊರನ್ನು ಅಷ್ಟು ಸ್ಪಷ್ಟವಾಗಿ ಕಾಣಲು ಮುಂಬಯಿಯಷ್ಟು ದೂರ ಒದಗಿತ್ತು. ಊರಲ್ಲೇ ಉಳಿದು ಬರೆಯುವ ನನ್ನಂಥವರಿಗೆ ಆ ದೂರವನ್ನು ಕಾಲವೇ ಕೊಡಬೇಕು.

ಕಾಲ ಕೊಡುವ ದೂರಕ್ಕೆ ಕಾರವಾರದಲ್ಲೇ ಒಂದು ಉದಾಹರಣೆಯಿದೆ. ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು ಯಾಕೆ ಬಂತೆಂದು ಮಕ್ಕಳು ಕೇಳುತ್ತಿರುತ್ತಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ, ಇಪ್ಪತ್ತರ ಆಚೀಚೆಯ ತರುಣ ರವೀಂದ್ರರು ಅಣ್ಣನ ಮನೆಗೆ ಬಂದಿದ್ದಾಗ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಎಲ್ಲ ನಂಟು ಕಳಚಿಕೊಂಡೆ ಎಂದು ಬೀಗುವ ಸನ್ಯಾಸಿಯೊಬ್ಬನನ್ನು ದಿಕ್ಕಿಲ್ಲದ ಪುಟ್ಟ ಹುಡುಗಿ ಮತ್ತೆ ಪ್ರೀತಿಯ ಲೋಕಕ್ಕೆ ಎಳೆಯುತ್ತಾಳೆ. ಇಂಗ್ಲಿಷಿನಲ್ಲಿ ಇದು 'ಸನ್ಯಾಸಿ' ಎಂಬ ಹೆಸರಿನಲ್ಲಿದೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಓದಲು ಕೊಡಿ. ಇಲ್ಲಿಯ ಕಡಲು, ಬೆಳದಿಂಗಳಲ್ಲಿ ಕಾಳಿ ನದಿಯ ದೋಣಿ ಪಯಣ ಇವುಗಳನ್ನೆಲ್ಲ ಅವರು ಬಣ್ಣಿಸಿದ್ದು ತಮ್ಮ ನೆನಪಿನ ಪುಸ್ತಕದಲ್ಲಿ, ಅದು ಹೊರಬಂದದ್ದು 1912ರಲ್ಲಿ. ಅಷ್ಟರಲ್ಲಿ ಸುಮಾರು ಮೂವತ್ತು ವರ್ಷ ಕಳೆದಿತ್ತು. ಅಷ್ಟು ಕಾಲ ಕಳೆದರೂ ಆ ನೆನಪು ಮಾಸಿರಲಿಲ್ಲ.

ನಾಲ್ಕನೆಯದು ಅಂಕೋಲಾದವರೇ ಆದ ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಕನ್ನಡದಲ್ಲಿ ಬಂದ ಈ ನೀಳ್ಗತೆ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ದೇಶ ವಿದೇಶ ಸುತ್ತಿತು. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಕಷ್ಟದಲ್ಲಿದ್ದ ಒಂದು ಕೂಡು ಕುಟುಂಬಕ್ಕೆ ಮಸಾಲೆ ಪುಡಿಯ ವ್ಯಾಪಾರದಿಂದ ದಿಢೀರನೆ ಹಣ ಬರುತ್ತದೆ. ಹಣದ ಜೊತೆಗೆ ಮನೆಯೊಳಗಿನ ಮಾತು, ಸಂಬಂಧ, ನಾಚಿಕೆ ಎಲ್ಲವೂ ಮೆಲ್ಲಗೆ ಬದಲಾಗುತ್ತವೆ. ದುಡಿಯುವ ಒಬ್ಬನನ್ನು ಕಾಪಾಡಿಕೊಳ್ಳಲು ಮನೆಮಂದಿ ಯಾವ ಮಟ್ಟಕ್ಕೆ ಹೋಗಬಲ್ಲರು ಎಂಬುದನ್ನು ಲೇಖಕರು ಎಲ್ಲೂ ದನಿ ಎತ್ತದೆ ಹೇಳುತ್ತಾರೆ. ಕೊನೆಯಲ್ಲಿ ಏನಾಯಿತೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಹಾಗಿದ್ದೂ ಮೈ ಜುಮ್ಮೆನ್ನುತ್ತದೆ. ಗುಡ್ಡ ಕುಸಿತವನ್ನು ತೋರಿಸದೆ ಅಧ್ಯಾಯ ಬರೆಯುವ ಧೈರ್ಯ ನನಗೆ ಬಂದದ್ದು ಹೆಚ್ಚಾಗಿ ಈ ಪುಸ್ತಕದಿಂದ. ವಿದೇಶದ ಸಂಪಾದನೆಯಿಂದ ನಡೆಯುವ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಲ್ಲ. ಮನೆಯವರೆಲ್ಲ ಕೂಡಿ ಓದಿ ಮಾತಾಡಬಹುದಾದ ಕಥೆ ಇದು.

ಈಗ, ಅಡುಗೆಮನೆಯ ಕಪಾಟಿನಲ್ಲೋ ಬಟ್ಟೆಯ ಮಡಿಕೆಯಲ್ಲೋ ನೋಟ್‌ಬುಕ್ ಇಟ್ಟುಕೊಂಡು ಗುಟ್ಟಾಗಿ ಬರೆಯುತ್ತಿರುವ ಸಹೋದರಿಯರಿಗೆ ಎರಡು ಮಾತು. ನಿಮ್ಮ ತಿಂಗಳ ಲೆಕ್ಕ ಎರಡೇ ಪುಟವಾದರೆ ಕುಗ್ಗಬೇಡಿ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ದೀಪಾ ಭಾಸ್ತಿ ಅನುವಾದಿಸಿದ ಆ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿರುವುದು ಬರೇ 12 ಕಥೆ. ಅವು 1990ರಿಂದ 2023ರವರೆಗಿನ ಬರವಣಿಗೆಯಿಂದ ಆಯ್ದವು. ವಕೀಲಿಕೆ, ಮನೆ, ಮಕ್ಕಳು ಎಲ್ಲವನ್ನೂ ನಿಭಾಯಿಸುತ್ತ ಬರೆದವು.

ಈ ತಿಂಗಳು ನೀವೂ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಊರಿನಲ್ಲಿ ನಡೆದ, ಎಲ್ಲರೂ ಮಾತಾಡುವ ಒಂದು ಘಟನೆಯನ್ನು ಆರಿಸಿಕೊಳ್ಳಿ. ಅದನ್ನು ಬರೆಯುವ ಮೊದಲು ಹಾಳೆಯ ಮೇಲೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಈ ನೋವು ಯಾರದು? ಅವರು ಇದನ್ನು ಓದಿದರೆ ನನಗೆ ಅವರ ಮುಖ ನೋಡಲು ಆದೀತೇ? ನಾನು ಬರೆಯದಿದ್ದರೆ ಯಾರಿಗಾದರೂ ಅನ್ಯಾಯ ಮುಂದುವರಿಯುತ್ತದೆಯೇ? ಮೂರನೆಯದಕ್ಕೆ ಉತ್ತರ ಹೌದೆಂದಾದರೆ ಇಂದೇ ಬರೆಯಿರಿ. ಅಲ್ಲವೆಂದಾದರೆ ಹಾಳೆಯನ್ನು ಮಡಚಿ ಜೋಪಾನವಾಗಿಡಿ, ವರ್ಷ ಕಳೆದು ತೆರೆಯಿರಿ. ಬರೆದದ್ದನ್ನು ಪತ್ರಿಕೆಗೆ ಕಳುಹಿಸಲೇಬೇಕೆಂದಿಲ್ಲ.

ಒಂಬತ್ತನೆಯ ಅಧ್ಯಾಯದಲ್ಲಿ ಇನ್ನು ಆರೇಳು ಪುಟ ಬಾಕಿ ಇವೆ. ತಾಯಿ ಇನ್ನೂ ಜಗಲಿಯಲ್ಲಿ ಕುಳಿತಿದ್ದಾಳೆ, ಮಗಳ ಫೋನು ಬಂದಿಲ್ಲ. ಬರುತ್ತದೆ, ಅಷ್ಟನ್ನು ನಿಮಗೆ ಈಗಲೇ ಹೇಳಿಬಿಡಬಲ್ಲೆ. ಉಳಿದದ್ದು ಮುಂದಿನ ತಿಂಗಳು.