ವಿಜ್ಞಾನದ ಜಗಲಿ: ಮುಚ್ಚಳ ಕಳೆದುಕೊಂಡ ಫೋನು

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ಸಪ್ಪೆ ಮುಖದಿಂದ ನಮ್ಮಲ್ಲಿಗೆ ಬಂದರು. ಅವರ ಮಗ ಮುಂಬಯಿಯಲ್ಲಿ ದುಡಿಯುತ್ತಿದ್ದಾನೆ. ಪ್ರತಿ ಭಾನುವಾರ ಸಂಜೆ ಅವನ ಕರೆ ಬರುವುದು ವಾಡಿಕೆ. ನೀರಿಗೆ ಬಿದ್ದ ಫೋನು ರಿಪೇರಿಯಾಗಿ ಬಂದ ಮೇಲೆ ಮಾತು ತುಂಡು ತುಂಡಾಗತೊಡಗಿತ್ತು. ಮನೆಯೊಳಗಂತೂ ಕರೆಯೇ ಬರುತ್ತಿರಲಿಲ್ಲ. “ಟವರು ಸರಿಯಿಲ್ಲವಂತೆ ಮಾಷ್ಟ್ರೇ, ಇಲ್ಲವಾದರೆ ಹೊಸ ಫೋನೇ ಕೊಳ್ಳಬೇಕಂತೆ” ಎಂದರು. ಆದರೆ ಅದೇ ಕಂಪೆನಿಯ ಸಿಮ್ ಇದ್ದ ನಮ್ಮ ಫೋನು ಅವರ ಅಂಗಳದಲ್ಲಿ ನಿರಾತಂಕವಾಗಿ ಮಾತಾಡಿತು. ದೋಷ ಗೋಪುರದ್ದಲ್ಲವೆಂಬುದು ಅಲ್ಲಿಗೇ ಸ್ಪಷ್ಟವಾಯಿತು. ವಿಚಾರಿಸಲಾಗಿ, ರಿಪೇರಿಯ ವೇಳೆ ಒಳಗಿನ ತೆಳುವಾದ ತಗಡಿನ ಮುಚ್ಚಳವೊಂದನ್ನು ಕಿತ್ತು ತೆಗೆದವರು ಅದನ್ನು ಮರಳಿ ಹಾಕಿರಲೇ ಇಲ್ಲ!

ಒಂದು ತಗಡಿನ ತುಂಡು ಇಲ್ಲದಿದ್ದರೆ ಫೋನು ಕಿವುಡಾಗುವುದುಂಟೆ? ಉಂಟು. ಹೇಗೆಂಬುದನ್ನು ಈ ತಿಂಗಳು ಆಲೋಚಿಸೋಣ.

ಗುಂಡಿಗಳ ಹಳೆಯ ಫೋನನ್ನು ರೇಡಿಯೋದ ಪಕ್ಕದಲ್ಲಿಟ್ಟವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಮಂಗಳೂರು ಆಕಾಶವಾಣಿಯನ್ನು ಆಲಿಸುತ್ತಿರುವಾಗ ಇದ್ದಕ್ಕಿದ್ದಂತೆ ‘ಗರ್ ಗರ್’ ಸದ್ದು. ಮರುಕ್ಷಣವೇ ಫೋನಿನ ಗಂಟೆ. 2ಜಿ ಪದ್ಧತಿಯಲ್ಲಿ ಒಂದು ತರಂಗವನ್ನು ಎಂಟು ಫೋನುಗಳು ಸರದಿಯಂತೆ ಹಂಚಿಕೊಳ್ಳಬಲ್ಲವು. ಹೀಗಾಗಿ ಪ್ರತಿ ಫೋನು ಸೆಕೆಂಡಿಗೆ ಸುಮಾರು 217 ಬಾರಿ ಮಿಡಿದು ಮಿಡಿದು ತರಂಗವನ್ನು ಬಿಡುತ್ತದೆ. ತರಂಗ ನಮ್ಮ ಕಿವಿಗೆ ಕೇಳದು. ಆದರೆ ಈ ಮಿಡಿತವು ರೇಡಿಯೋದ ತಂತಿಗಳೊಳಗೆ ಹೊಕ್ಕು ಸದ್ದಾಗಿ ಹೊರಡುತ್ತದೆ. ಒಂದು ಮಂಡಲದ ಶಕ್ತಿ ಕರೆಯದೆ ಇನ್ನೊಂದಕ್ಕೆ ನುಗ್ಗುವ ಇದಕ್ಕೇ ವ್ಯತಿಕರಣದ ಉಪದ್ರವವೆಂದು ಹೆಸರು.

ಪಕ್ಕದ ರೇಡಿಯೋಕ್ಕೇ ಇಷ್ಟು ಬಾಧೆಯಾದರೆ ಫೋನಿನ ಸ್ವಂತ ಒಡಲೊಳಗಿನ ಪಾಡೇನು? ದೂರದ ಗೋಪುರದಿಂದ ಬರುವ ಸಂಕೇತವು ಕ್ಷೀಣವಾದಾಗ ಒಂದು ವ್ಯಾಟಿನ ಹತ್ತು ಲಕ್ಷ ಕೋಟಿಯಲ್ಲೊಂದು ಭಾಗದಷ್ಟೇ ಇರಬಹುದು. ಅಷ್ಟನ್ನೂ ಫೋನು ಕೇಳಿಸಿಕೊಳ್ಳಬೇಕು. ಅದೇ ಫೋನು 4ಜಿಯಲ್ಲಿ ತಾನು ಮಾತಾಡುವಾಗ 0.2 ವ್ಯಾಟಿನವರೆಗೆ ಶಕ್ತಿಯನ್ನು ಹೊರಸೂಸುತ್ತದೆ. ಕೇಳುವ ದನಿಗಿಂತ ಆಡುವ ದನಿ ಎರಡು ಲಕ್ಷ ಕೋಟಿ ಪಾಲು ಹಿರಿದು! ಜಾತ್ರೆಯಲ್ಲಿ ತಮಟೆ ಬಡಿಯುವವನೇ ಆಚೆ ಬೀದಿಯ ಪಿಸುಮಾತನ್ನೂ ಕೇಳಬೇಕಾದಂತೆ.

ಇನ್ನೊಂದು ಗದ್ದಲ ಗಡಿಯಾರದ್ದು. ಬಹಳಷ್ಟು ಫೋನುಗಳಲ್ಲಿ ಸೆಕೆಂಡಿಗೆ 2 ಕೋಟಿ 60 ಲಕ್ಷ ಬಾರಿ, ಎಂದರೆ 26 ಮೆಗಾಹರ್ಟ್ಸ್ ವೇಗದಲ್ಲಿ, ಕಂಪಿಸುವ ಸ್ಫಟಿಕವೊಂದು ತಾಳ ಹಾಕುತ್ತಿರುತ್ತದೆ. ವೀಣೆಯ ತಂತಿಯೊಂದನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಸ್ವರಗಳೂ ಏಳುವಂತೆ, ಈ ತಾಳಕ್ಕೂ ಅನುಸ್ವರಗಳುಂಟು. ಮಕ್ಕಳೇ, 26ನ್ನು 36ರಿಂದ ಗುಣಿಸಿ ನೋಡಿರಿ. 936 ಬಂದಿತಲ್ಲವೆ? ಗೋಪುರವು 2ಜಿ ಫೋನಿಗೆ ಸಂದೇಶ ಕಳುಹಿಸುವ 935ರಿಂದ 960 ಮೆಗಾಹರ್ಟ್ಸಿನ ಪಟ್ಟಿಯೊಳಗೇ ಅದು ಬಂದು ಕುಳಿತಿದೆ. ಮನೆಯ ಗಡಿಯಾರವೇ ಬಂದ ಅತಿಥಿಯ ಮಾತನ್ನು ನುಂಗಿಹಾಕುವ ಪ್ರಸಂಗ!

ಇದಕ್ಕೆ ಪರಿಹಾರವು ದನಿಯೇರಿಸುವುದಲ್ಲ, ಮನೆಯನ್ನು ಅಚ್ಚುಕಟ್ಟಾಗಿಡುವುದು. ಮೊದಲನೆಯದೇ ಆ ತಗಡು. ಲೋಹದ ಆವರಣದೊಳಗೆ ಹೊರಗಿನ ವಿದ್ಯುತ್ತಿನ ಪ್ರಭಾವ ತಾಗದೆಂಬುದನ್ನು ಮೈಕೆಲ್ ಫ್ಯಾರಡೆಯವರು 1836ರಲ್ಲಿ ಪಂಜರದಂಥ ಕೋಣೆಯೊಂದನ್ನು ಕಟ್ಟಿ ತೋರಿಸಿಕೊಟ್ಟರು. ಗದ್ದಲದ ಮಂಡಲಕ್ಕೂ ಸೂಕ್ಷ್ಮ ಶ್ರವಣದ ಮಂಡಲಕ್ಕೂ ಬೇರೆ ಬೇರೆ ಮುಚ್ಚಳ ಹಾಕಿ, ಅಂಚನ್ನು ಸುತ್ತಲೂ ಫಲಕದ ಭೂಸಂಪರ್ಕಕ್ಕೆ ಬೆಸೆದರೆ ಒಂದರ ಸದ್ದು ಇನ್ನೊಂದಕ್ಕೆ ಹಾಯುವುದು ತೀರ ಕಡಿಮೆಯಾಗುತ್ತದೆ. ಅಂಚು ಸಡಿಲವಿದ್ದರೆ ಸಂದಿಯಲ್ಲೇ ತರಂಗ ನುಸುಳುತ್ತದೆ.

ಎರಡನೆಯದು ಕೆಪಾಸಿಟರ್. ಗದ್ದಲ ಹುಟ್ಟುವ ಚಿಪ್ಪಿನ ಕಾಲಬುಡದಲ್ಲೇ ಅದನ್ನು ಕೂರಿಸಿದರೆ, ಅತಿವೇಗದ ಕಂಪನಗಳು ವಿದ್ಯುತ್ ಸರಬರಾಜಿನ ದಾರಿಯುದ್ದಕ್ಕೂ ಅಲೆಯದೆ ಅಲ್ಲಿಯೇ ಭೂಮಿಗಿಳಿಯುತ್ತವೆ. ಬಚ್ಚಲ ನೀರಿಗೆ ಬಚ್ಚಲಲ್ಲೇ ದಾರಿ ಮಾಡಬೇಕು; ಪಡಸಾಲೆಗೆ ಹರಿದ ಮೇಲಲ್ಲ. ಮೂರನೆಯದು ಜೋಡಿತಂತಿ. ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು 1881ರಲ್ಲೇ ದೂರವಾಣಿಗೆ ಹೆಣೆದ ಜೋಡಿತಂತಿಯ ಪೇಟೆಂಟು ಪಡೆದಿದ್ದರು. ಎರಡು ತಂತಿಗಳಿಗೂ ಸಮನಾಗಿ ತಾಗಿದ ಉಪದ್ರವ, ಅವುಗಳ ವ್ಯತ್ಯಾಸವನ್ನಷ್ಟೇ ಎಣಿಸುವಾಗ ತಾನಾಗಿ ಕಳೆದುಹೋಗುತ್ತದೆ. ಮೈಕಿನ ದಾರಿಗೆ ಇಂದಿಗೂ ಇದೇ ಉಪಾಯ.

ನಾಲ್ಕನೆಯದು ಜರಡಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈಟ್ ಮತ್ತು ವೋಲ್ಟ್‌ಮರ್ ಎಂಬವರು 1965ರಲ್ಲಿ, ಸ್ಫಟಿಕದ ಮೈಮೇಲೆ ಹಣಿಗೆಯಂಥ ಲೋಹದ ಗೆರೆಗಳನ್ನೆಳೆದು ವಿದ್ಯುತ್ ಕಂಪನವನ್ನು ಧ್ವನಿತರಂಗವಾಗಿ ಹರಿಸಿದರು. ಗೆರೆಗಳ ಅಂತರಕ್ಕೆ ಹೊಂದುವ ಕಂಪನಕ್ಕೆ ಮಾತ್ರ ದಾರಿ. ಉಳಿದುದಕ್ಕೆ ಬಾಗಿಲು ಬಂದ್. ಗಾಳಿಯಲ್ಲಿ 33 ಸೆಂಟಿಮೀಟರು ಉದ್ದವಿರುವ 900 ಮೆಗಾಹರ್ಟ್ಸಿನ ತರಂಗ ಸ್ಫಟಿಕದ ಮೇಲೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗಕ್ಕೆ ಕುಗ್ಗುವುದರಿಂದ ಈ ಜರಡಿ ಅಕ್ಕಿಕಾಳಿಗಿಂತಲೂ ಸಣ್ಣದಾಗಬಲ್ಲದು. ಆಡುವ ಮತ್ತು ಕೇಳುವ ಪಟ್ಟಿಗಳನ್ನು ಬೇರ್ಪಡಿಸುವ ಕೆಲಸ ಇಂಥ ಜರಡಿಗಳದು.

ನಾವು ಆ ತಾಯಿಯ ಫೋನನ್ನು ಪೇಟೆಯ ಇನ್ನೊಬ್ಬ ಕುಶಲ ಯುವಕನಲ್ಲಿಗೆ ಒಯ್ದೆವು. ಅವನು ಅದೇ ಮಾದರಿಯ ಹಾಳಾದ ಫಲಕವೊಂದರಿಂದ ಮುಚ್ಚಳವನ್ನು ಬಿಡಿಸಿ, ಅಂಚನ್ನು ಸುತ್ತಲೂ ಬೆಸೆದುಕೊಟ್ಟನು. ಖರ್ಚು ಒಂದು ಗಂಟೆಯ ಕೂಲಿಯಷ್ಟೆ. ಆ ಭಾನುವಾರ ಸಂಜೆ ಅಡುಗೆಮನೆಯ ಒಲೆಯ ಮುಂದೆಯೇ ಕುಳಿತು ಅವರು ಮಗನೊಡನೆ ಮಾತಾಡಿದರಂತೆ.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಫೋನು ರಿಪೇರಿಗೆ ಕೊಡುವಾಗ, ತೆಗೆದ ಮುಚ್ಚಳಗಳನ್ನೆಲ್ಲ ಮರಳಿ ಬೆಸೆಯಬೇಕೆಂದು ಮೊದಲೇ ಹೇಳಿರಿ. ಸಂಕೇತ ಕ್ಷೀಣಿಸಿತೆಂದು ಗೋಪುರವನ್ನು ದೂರುವ ಮುನ್ನ ಇನ್ನೊಂದು ಫೋನನ್ನು ಅದೇ ಜಾಗದಲ್ಲಿ ಹಿಡಿದು ನೋಡಿರಿ. ಹೊರಗಿನ ಮಾತು ಕೇಳದಿದ್ದಾಗ ಒಮ್ಮೊಮ್ಮೆ ಗದ್ದಲ ನಮ್ಮ ಮನೆಯೊಳಗೇ ಇರುತ್ತದೆ.